ಎಷ್ಟು ಪಿಕ್ ಅನ್ನೋದು ಬಿಡಿ, ಯಾರ ಪಿಕ್ ಅಂತ ಕೇಳಿ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ದೊಡ್ಡ ಟ್ರೇಡ್ (ತಂಡಗಳ ನಡುವೆ ಆಟಗಾರರ, ಪಿಕ್‌ಗಳ ವಿನಿಮಯ) ಆದ ದಿನ ನನ್ನ ಫೋನಿಗೆ ಬರುವ ಮೆಸೇಜುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಸರ್, ಐದು ಫಸ್ಟ್ ರೌಂಡ್ ಪಿಕ್ ಕೊಟ್ಟುಬಿಟ್ರಲ್ಲ, ತಲೆ ಕೆಟ್ಟಿದೆಯಾ ಇವರಿಗೆ?" ಇಲ್ಲಾಂದ್ರೆ ಇದರ ಉಲ್ಟಾ: "ಅಂಥ ಆಟಗಾರನಿಗೆ ಬರೀ ಒಂದೇ ಪಿಕ್ಕಾ?" ಆಟಗಾರರಿಗೂ ಪಿಕ್‌ಗಳಿಗೂ ಬೆಲೆ ಅಂದಾಜು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ದುಡ್ಡು ಕೊಡುವ ಕ್ಲೈಂಟ್‌ಗಳೂ ಇದನ್ನೇ ಕೇಳುತ್ತಾರೆ, ಸ್ವಲ್ಪ ನಯವಾಗಿ ಅಷ್ಟೇ.

ಡ್ರಾಫ್ಟ್ ಅಂದ್ರೇನು ಅಂತ ಉದ್ದಕ್ಕೆ ಹೇಳುತ್ತಾ ಕೂರುವುದಿಲ್ಲ: ವರ್ಷಕ್ಕೊಮ್ಮೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಆ ಸರದಿಯ ಒಂದು ಜಾಗವೇ ಪಿಕ್, ಸಾಮಾನ್ಯವಾಗಿ ಹೆಚ್ಚು ಸೋತವರಿಗೆ ಮುಂಚಿನ ಸರದಿ. ಇಷ್ಟು ಗೊತ್ತಿದ್ದರೆ ಸಾಕು. ಗೊತ್ತಿದ್ದೂ ಎಲ್ಲರೂ ಎಡವುವ ಜಾಗ ಒಂದಿದೆ. ಪಿಕ್‌ಗಳನ್ನು ತಲೆ ಎಣಿಸಿದ ಹಾಗೆ ಎಣಿಸುತ್ತಾರೆ. ಫಸ್ಟ್ ರೌಂಡ್ ಪಿಕ್ ಅಂದರೆ 1ನೇ ನಂಬರೂ ಆಗಬಹುದು, 30ನೇ ನಂಬರೂ ಆಗಬಹುದು. ಅದು ಎಲ್ಲಿ ಬೀಳುತ್ತೆ ಅನ್ನೋದು ಪಿಕ್ ಕೊಟ್ಟ ತಂಡ ಆ ವರ್ಷ ಎಷ್ಟು ಸೋಲುತ್ತೆ ಅನ್ನೋದರ ಮೇಲೆ ನಿಂತಿದೆ. ಪಿಕ್ ಕೊಂಡವರು ಇನ್ನೊಂದು ತಂಡದ ಸೋಲಿನ ಮೇಲೆ ಪಂದ್ಯ ಕಟ್ಟಿದ್ದಾರೆ, ಅಷ್ಟೇ.

ಶ್ರೀನಿವಾಸಪುರದ ಕಡೆ ಮಾವಿನ ತೋಟವನ್ನು ಮುಂಚೆಯೇ ಗುತ್ತಿಗೆ ಹಿಡಿಯುವವರಿದ್ದಾರಲ್ಲ, ಅವರು ಬರೀ ಮರ ಎಣಿಸಿ ದುಡ್ಡು ಕೊಡಲ್ಲ. ಯಾರ ತೋಟ, ಮರಕ್ಕೆ ಎಷ್ಟು ವಯಸ್ಸು, ಎಷ್ಟು ವರ್ಷದ ಗುತ್ತಿಗೆ ಅಂತ ನೋಡುತ್ತಾರೆ. ಇಲ್ಲೂ ಅಷ್ಟೇ ನೋಡಬೇಕಿರುವುದು. ಒಂದೇ ವ್ಯತ್ಯಾಸ: ಇಲ್ಲಿ ಗುತ್ತಿಗೆ ಹಿಡಿದವನು ತೋಟದವನ ಕೈ ಕೆಡಲಿ ಅಂತ ಬೇಡಿಕೊಳ್ಳುತ್ತಾನೆ.

ಬ್ರೂಕ್ಲಿನ್ ನೆಟ್ಸ್ ತಂಡದ ಕಥೆ ಗೊತ್ತಿಲ್ಲದವರಿಲ್ಲ. ಆದರೂ ಅದರಲ್ಲಿ ಒಂದು ವಿಷಯವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. 2013ರಲ್ಲಿ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್, ಜೇಸನ್ ಟೆರ್ರಿ ಇವರನ್ನೆಲ್ಲ ತರಲು ಅವರು ಬೋಸ್ಟನ್‌ಗೆ 2014, 2016, 2018ರ ಫಸ್ಟ್ ರೌಂಡ್ ಪಿಕ್ ಕೊಟ್ಟರು. 2017ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟರು. ಆಮೇಲೆ ಬೋಸ್ಟನ್‌ನಲ್ಲಿ ತಾರೆಯರಾದವರ ಹೆಸರು ಹಿಡಿದು ಈಗ ಎಲ್ಲರೂ "ಜೇಲನ್ ಬ್ರೌನ್, ಜೇಸನ್ ಟೇಟಮ್ ಇಬ್ಬರನ್ನೂ ಕೊಟ್ಟುಬಿಟ್ರು" ಅಂತಾರೆ. ಅಲ್ಲಿ ಆಗಿದ್ದು ಬೇರೆ. 2014ರ ಪಿಕ್ ಬಿದ್ದಿದ್ದು 17ನೇ ಜಾಗಕ್ಕೆ. ಆ ಪಿಕ್‌ನಲ್ಲಿ ಬಂದ ಜೇಮ್ಸ್ ಯಂಗ್ ಈಗ ಎಷ್ಟು ಜನರಿಗೆ ನೆನಪಿದ್ದಾನೆ? 2016ರದ್ದು 3ನೇ ಜಾಗಕ್ಕೆ ಬಂತು, ಬ್ರೌನ್ ಸಿಕ್ಕ. 2017ರಲ್ಲಿ ನೆಟ್ಸ್ 20 ಗೆದ್ದು 62 ಸೋತರು, ಲೀಗಿನಲ್ಲೇ ಕೊನೆ. ಅವರ ಪಿಕ್ 1ನೇ ನಂಬರ್ ಆಯ್ತು. ಬೋಸ್ಟನ್ ಅದನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು 3ನೇ ಪಿಕ್ ಜೊತೆಗೆ ಮುಂದಿನ ಒಂದು ಪಿಕ್ ತಗೊಂಡು ಟೇಟಮ್‌ನನ್ನು ಆರಿಸಿತು. 2018ರದ್ದು 8ನೇ ಜಾಗ. 17, 3, 1, 8. ಒಂದೇ ಟ್ರೇಡ್, ಒಂದೇ ತಂಡದ ಪಿಕ್‌ಗಳು.

ಈ ನಾಲ್ಕು ಅಂಕಿಗಳನ್ನು ಇನ್ನೊಂದು ಸಲ ನೋಡಿ, ನಾನು ಕಾಯುತ್ತೇನೆ. ಆಟಗಾರರು ಬಂದ ಮೊದಲ ವರ್ಷ ತಂಡ ಚೆನ್ನಾಗಿತ್ತು, ಹಾಗಾಗಿ ಪಿಕ್ ಸಪ್ಪೆ. ಗಾರ್ನೆಟ್, ಪಿಯರ್ಸ್ ಇಬ್ಬರಿಗೂ ಆಗಲೇ ವಯಸ್ಸಾಗಿತ್ತು. ಅವರು ಹೋದ ಮೇಲೆ ತಂಡ ಕುಸಿಯಿತು, ಪಿಕ್‌ಗೆ ಬಂಗಾರದ ಬೆಲೆ ಬಂತು. ಟ್ರೇಡ್ ಮಾಡಿದ ತಂಡ ಆ ಟ್ರೇಡಿನಿಂದಲೇ ಮೊದಲು ಬಲ ಆಗುತ್ತೆ, ಆಮೇಲೆ ಬಡವಾಗುತ್ತೆ. ಅದಕ್ಕೇ ಹತ್ತಿರದ ವರ್ಷದ ಪಿಕ್ ಅಗ್ಗ, ದೂರದ ವರ್ಷದ್ದು ದುಬಾರಿ. ವಯಸ್ಸಾದ ತಾರೆಯರ ತಂಡ ಆದರಂತೂ ಇದು ಇನ್ನೂ ಜಾಸ್ತಿ.

2021ರಲ್ಲಿ ನೆಟ್ಸ್ ಮತ್ತೆ ಅದೇ ಕೆಲಸ ಮಾಡಿದರು, ಜೇಮ್ಸ್ ಹಾರ್ಡನ್‌ಗಾಗಿ, ಹ್ಯೂಸ್ಟನ್ ಜೊತೆ. 2022ರ ಪಿಕ್ ಮತ್ತೆ 17ನೇ ಜಾಗಕ್ಕೇ ಬಿತ್ತು. 2024ರದ್ದು 3ನೇ ಜಾಗ. ಆ ಹೊತ್ತಿಗೆ ಹಾರ್ಡನ್, ಡುರಾಂಟ್, ಅರ್ವಿಂಗ್ ಮೂವರು ತಾರೆಯರೂ ಬ್ರೂಕ್ಲಿನ್ ಬಿಟ್ಟಾಗಿತ್ತು.

ಇಷ್ಟು ಹೇಳಿದರೂ ಜನ 2024ರ ಜೂನ್‌ನಲ್ಲಿ ಮತ್ತೆ ಎಣಿಸೋಕೆ ಕೂತರು. ಮಿಕಲ್ ಬ್ರಿಜಸ್ ಬ್ರೂಕ್ಲಿನ್‌ನಿಂದ ನ್ಯೂಯಾರ್ಕ್ ನಿಕ್ಸ್‌ಗೆ ಹೋದ. ಬದಲಿಗೆ ಐದು ಫಸ್ಟ್ ರೌಂಡ್ ಪಿಕ್, ಒಂದು ಸ್ವಾಪ್ (ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು). "ಆಲ್ ಸ್ಟಾರ್ ಕೂಡ ಆಗದವನಿಗೆ ಐದಾ!" ಅಂತ ನ್ಯೂಜೆರ್ಸಿಯಲ್ಲಿರುವ ನಮ್ಮ ಹಾಸನದ ಕಡೆಯವರೊಬ್ಬರು ರಾತ್ರೋರಾತ್ರಿ ವಾಯ್ಸ್ ನೋಟ್ ಕಳಿಸಿದರು. ನಿಕ್ಸ್ ಅಂದ್ರೆ ಪ್ರಾಣ ಅವರಿಗೆ. ನಾನು ಕೇಳಿದ್ದು ಒಂದೇ: "ಸ್ವಾಮಿ, ಯಾರ್ಯಾರ ಪಿಕ್, ಯಾವ ವರ್ಷದ್ದು ಹೇಳಿ." ಉತ್ತರ ಇಲ್ಲ.

ಹೇಳುತ್ತೇನೆ ಕೇಳಿ. ಅದರಲ್ಲೊಂದು ಮಿಲ್ವಾಕೀಯ 2025ರ ಪಿಕ್. ಮೊದಲ ನಾಲ್ಕರೊಳಗೆ ಬಂದರೆ ಕೊಡುವ ಹಾಗಿಲ್ಲ ಅನ್ನುವ ಪ್ರೊಟೆಕ್ಷನ್ ಅದಕ್ಕೆ. ಬಂದಿದ್ದು 19ನೇ ಜಾಗ. ನಿಕ್ಸ್‌ನ 2025ರ ಸ್ವಂತ ಪಿಕ್ ಬಂದಿದ್ದು 26ನೇ ಜಾಗ, ಯಾಕೆಂದರೆ ಬ್ರಿಜಸ್ ಸೇರಿದ ನಿಕ್ಸ್ 51 ಪಂದ್ಯ ಗೆದ್ದಿತು. ಅಂದರೆ ಐದರಲ್ಲಿ ಎರಡು ಆಗಲೇ ಸಾಮಾನ್ಯ ಪಿಕ್‌ಗಳಾಗಿ ಮುಗಿದವು. ನಿಜವಾದ ಬೆಲೆ ಇರುವುದು 2029, 2031ರ ಪಿಕ್‌ಗಳಲ್ಲಿ. 2027ರದ್ದರ ಬಗ್ಗೆ ನಾನು ಬಾಯಿ ಬಿಡುವುದಿಲ್ಲ.

ಅದೇ ದಿನ ಬ್ರೂಕ್ಲಿನ್ ಇನ್ನೊಂದು ಕೆಲಸವನ್ನೂ ಮಾಡಿತು. ಅಭಿಮಾನಿಗಳಲ್ಲಿ ಹೆಚ್ಚಿನವರ ಕಣ್ಣಿಗೆ ಅದು ಬೀಳಲೇ ಇಲ್ಲ. ಹ್ಯೂಸ್ಟನ್ ಕೈಯಲ್ಲಿದ್ದ ತನ್ನದೇ 2026ರ ಪಿಕ್ ಮತ್ತು 2025ರ ಸ್ವಾಪ್ ಹಕ್ಕನ್ನು ವಾಪಸ್ ಕೊಂಡಿತು. ಬದಲಿಗೆ ಫೀನಿಕ್ಸ್‌ನಿಂದ ಬಂದಿದ್ದ ಪಿಕ್‌ಗಳನ್ನು ಬಿಟ್ಟುಕೊಟ್ಟಿತು. ಯಾಕೆ? ಬ್ರಿಜಸ್‌ನನ್ನು ಮಾರಿದರೆ ತಂಡ ಸೋಲುತ್ತೆ. ಪಿಕ್ ಹ್ಯೂಸ್ಟನ್ ಹತ್ತಿರ ಇರುವವರೆಗೆ ಆ ಸೋಲಿನ ಲಾಭ ಹ್ಯೂಸ್ಟನ್‌ಗೆ. ಮೊದಲು ಪಿಕ್ ವಾಪಸ್ ಬರಬೇಕು, ಆಗಲೇ ಸೋಲಿಗೊಂದು ಅರ್ಥ. ನನ್ನ ಕೆಲಸದಲ್ಲಿ ನಾನು ನೋಡಿದ ಅಚ್ಚುಕಟ್ಟಾದ ಲೆಕ್ಕಾಚಾರಗಳಲ್ಲಿ ಇದೊಂದು. ಆದರೂ ಏನಾಯ್ತು? 26 ಗೆದ್ದು 56 ಸೋತರು, ಮುಂಚಿನ ಸರದಿಗಳನ್ನು ಚೀಟಿ ಎತ್ತಿದ ಹಾಗೆ ಹಂಚುವ ಲಾಟರಿಯಲ್ಲಿ ಜಾರಿ 8ನೇ ಪಿಕ್ ಸಿಕ್ಕಿತು. ಲೆಕ್ಕ ಸರಿ ಇದ್ದ ಮಾತ್ರಕ್ಕೆ ಫಲ ಸಿಗಬೇಕು ಅಂತೇನಿಲ್ಲ.

ಒಂದು ವರ್ಷ ಬಿಟ್ಟು ಒಂದು ವರ್ಷ ಯಾಕೆ ಪಿಕ್ ಕೊಡುತ್ತಾರೆ ಅಂತ ಆಗಾಗ ಕೇಳುತ್ತಾರೆ, ಅದನ್ನೂ ಬೇಗ ಹೇಳಿಬಿಡುತ್ತೇನೆ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಸಿಕ್ಕಸಿಕ್ಕವರಿಗೆ ಪಿಕ್ ಹಂಚಿದ. ಅವನ ಹೆಸರಲ್ಲೇ ನಿಯಮ ಬಂತು: ಮುಂದೆ ಬರುವ ಯಾವ ಎರಡು ಸತತ ಡ್ರಾಫ್ಟ್‌ಗಳಲ್ಲೂ ಫಸ್ಟ್ ರೌಂಡ್ ಪಿಕ್ ಇಲ್ಲದ ಹಾಗೆ ಮಾಡಿಕೊಳ್ಳುವಂತಿಲ್ಲ. ನಡುವಿನ ವರ್ಷವನ್ನೂ ಮಾರಬೇಕು ಅನ್ನಿಸಿದರೆ ಇರುವ ದಾರಿ ಸ್ವಾಪ್. ಆ ಸ್ವಾಪ್ ಕೂಡ ಒಂದೇ ಬೆಲೆಯದ್ದಲ್ಲ. ಬೋಸ್ಟನ್ 2017ರಲ್ಲಿ 27ರಿಂದ 1ಕ್ಕೆ ಏರಿತು. ಓಕ್ಲಹೋಮಾ ಸಿಟಿ 2025ರಲ್ಲಿ ಕ್ಲಿಪ್ಪರ್ಸ್ ಜೊತೆ ಬದಲಿಸಿಕೊಂಡು 30ರಿಂದ 24ಕ್ಕೆ ಬಂತು. ಒಪ್ಪಂದದ ಕಾಗದದಲ್ಲಿ ಎರಡೂ ಕಡೆ ಬರೆದಿರುವುದು 'ಸ್ವಾಪ್' ಅಂತಲೇ.

ಐಪಿಎಲ್ ಹರಾಜು ನೋಡಿ ಬೆಳೆದ ನಮ್ಮವರಿಗೆ ಇದು ಜಾಸ್ತಿ ತೊಂದರೆ ಕೊಡುತ್ತೆ ಅಂತ ನನ್ನ ಅನುಮಾನ. ಅಲ್ಲಿ ಪ್ರತಿಯೊಬ್ಬನಿಗೂ ಕೋಟಿಯಲ್ಲಿ ಒಂದು ಬೆಲೆ, ಸುತ್ತಿಗೆ ಬಿದ್ದರೆ ಮುಗೀತು. ಇಲ್ಲಿ ಸಿಗುವುದು ಸರದಿ ಮಾತ್ರ. ಆ ಸರದಿಯ ನಂಬರ್ ಕೂಡ ವರ್ಷಗಳ ನಂತರ ತಿಳಿಯುತ್ತೆ.

2025ರ ಫೆಬ್ರವರಿಯಲ್ಲಿ ಡಲ್ಲಾಸ್‌ನ ತಾರೆ ಲೂಕಾ ಡಾನ್‌ಚಿಚ್ ಲೇಕರ್ಸ್‌ಗೆ ಹೋದಾಗ ನಮಗಿಲ್ಲಿ ಭಾನುವಾರ ಬೆಳಗ್ಗೆ. ಡಲ್ಲಾಸ್ ಪಕ್ಕ ಪ್ಲೇನೋದಲ್ಲಿರುವ ದಾವಣಗೆರೆ ಹುಡುಗನೊಬ್ಬ ಫೋನ್ ಮಾಡಿ ಅಳುವುದೊಂದು ಬಾಕಿ. "ಅಣ್ಣಾ, ಒಂದೇ ಪಿಕ್ಕು! ಒಂದೇ!" ಡಲ್ಲಾಸ್‌ಗೆ ಸಿಕ್ಕಿದ್ದು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಲೇಕರ್ಸ್‌ನ 2029ರ ಫಸ್ಟ್ ರೌಂಡ್ ಪಿಕ್. ಅವನ ಸಿಟ್ಟು ಸರಿಯೇ, ಕಾರಣ ಮಾತ್ರ ತಪ್ಪು. ಡಾನ್‌ಚಿಚ್‌ನನ್ನು ಕೊಟ್ಟಿದ್ದು ಯಾರಿಗೆ? ಲೇಕರ್ಸ್‌ಗೆ. ಪಿಕ್ ತಗೊಂಡಿದ್ದು ಯಾರದ್ದು? ಅದೇ ಲೇಕರ್ಸ್‌ದು. 2029ರಲ್ಲಿ ಡಾನ್‌ಚಿಚ್‌ಗೆ 30 ವರ್ಷ. ಅವನು ಅಲ್ಲೇ ಇದ್ದು ಚೆನ್ನಾಗಿ ಆಡುತ್ತಿದ್ದರೆ ಆ ಪಿಕ್ ಎಲ್ಲಿ ಬೀಳುತ್ತೆ, ನೀವೇ ಹೇಳಿ. ಡಲ್ಲಾಸ್ ತನ್ನ ಕೈಯಾರೆ ಆ ಪಿಕ್‌ನ ಬೆಲೆ ಇಳಿಸಿತು. ಅದೇ ಥರದ್ದು ಇನ್ನೆರಡು ಸಿಕ್ಕಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ.

ಮೇ ತಿಂಗಳಲ್ಲಿ ಅದೇ ಹುಡುಗ ಕುಣಿಯುತ್ತಾ ಫೋನ್ ಮಾಡಿದ. ಡಲ್ಲಾಸ್ ಲಾಟರಿ ಗೆದ್ದಿತ್ತು, ಆ ವರ್ಷದ ಹೊಸಬರಲ್ಲಿ ಎಲ್ಲರೂ ಕಾಯುತ್ತಿದ್ದ ಕೂಪರ್ ಫ್ಲ್ಯಾಗ್ ಬರುವವನಿದ್ದ. "ಟ್ರೇಡ್ ವರ್ಕೌಟ್ ಆಯ್ತು ಅಲ್ವಾ?" ಅವನ ಖುಷಿ ಕೆಡಿಸೋಕೆ ಮನಸ್ಸು ಬರಲಿಲ್ಲ. ಆದರೂ ಆ ಲಾಟರಿ ಹೇಗೆ ನಡೆಯಿತು ನೋಡಿ. 1ರಿಂದ 14ರವರೆಗೆ ನಂಬರ್ ಬರೆದ ಪಿಂಗ್‌ಪಾಂಗ್ ಚೆಂಡುಗಳು ಒಂದು ಯಂತ್ರದಲ್ಲಿ. ಅದರಿಂದ ನಾಲ್ಕು ಹೊರಗೆ ಬರಬೇಕು. ಹಾಗೆ ಬರಬಹುದಾದ ಜೋಡಣೆ ಒಟ್ಟು 1001. ಒಂದನ್ನು ಬಿಟ್ಟು 1000ವನ್ನು ತಂಡಗಳಿಗೆ ಹಂಚಿದ್ದರು. ಕೊನೆಯ ಮೂರು ತಂಡಗಳಿಗೆ ತಲಾ 140. ಡಲ್ಲಾಸ್‌ಗೆ ಇದ್ದಿದ್ದು 18. ಷಿಕಾಗೋ ಕೂಡ ಅಷ್ಟೇ ಪಂದ್ಯ ಗೆದ್ದಿತ್ತು, 39. ಆ ಸಮ ಬಿಡಿಸಿದಾಗ ಒಂದು ಜೋಡಣೆ ಡಲ್ಲಾಸ್ ಕಡೆ ಜಾಸ್ತಿ ಹೋಯ್ತು. 17 ಗೆದ್ದು 65 ಸೋತ ಯೂಟಾ 5ನೇ ಜಾಗಕ್ಕೆ ಇಳಿಯಿತು. ಡಲ್ಲಾಸ್ ಕೊಟ್ಟ ಟ್ರೇಡಿಗೂ ಈ ಚೆಂಡುಗಳಿಗೂ ಸಂಬಂಧ ಇಲ್ಲವೇ ಇಲ್ಲ ಅಂತ ಹೇಳಲಾರೆ. ಲೂಕಾ ಇದ್ದಿದ್ದರೆ ತಂಡ ಲಾಟರಿಗೇ ಬರುತ್ತಿರಲಿಲ್ಲವೇನೋ. ಆದರೆ 1000ಕ್ಕೆ 18 ಅನ್ನೋದನ್ನು ಯೋಜನೆ ಅಂತ ಕರೆದರೆ ನಾನು ಕೆಲಸ ಬಿಡಬೇಕಾಗುತ್ತೆ.

ಪಿಕ್ ಕೊಟ್ಟ ದಿನ ತಲೆ ಎಣಿಸುವುದು, ಐದು ವರ್ಷ ಆದ ಮೇಲೆ ಅದರ ಮೇಲೆ ಆಟಗಾರನ ಹೆಸರು ಬರೆಯುವುದು, ಎರಡೂ ಒಂದೇ ಚಟ. ಸೆಕೆಂಡ್ ರೌಂಡ್ ಪಿಕ್ ಬಗ್ಗೆ ಮಾತು ಬಂದರೆ ಪ್ರತಿ ಸಲ ದೊಡ್ಡ ತಾರೆಯಾಗಿ ಬೆಳೆದ ಜೋಕಿಚ್ ಹೆಸರು ಬರುತ್ತೆ. ಹೌದು, 2014ರಲ್ಲಿ 41ನೇ ಪಿಕ್. ಮರುವರ್ಷ 52ನೇ ಪಿಕ್‌ನಲ್ಲಿ ಡಲ್ಲಾಸ್ ಆರಿಸಿದ್ದು ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲಿಗ. ಆ ದಿನ ನಮಗೆಲ್ಲ ಎಷ್ಟು ಖುಷಿ! ಅವನಿಗೆ ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಆ ಜಾಗಗಳಲ್ಲಿ ಹೆಚ್ಚಿನವರ ಕಥೆ ಅದೇ, ಜೋಕಿಚ್‌ದಲ್ಲ.

ಇನ್ನು "ಮೂರು ಸಣ್ಣ ಪಿಕ್ ಸೇರಿದರೆ ಒಂದು ದೊಡ್ಡದಕ್ಕೆ ಸಮ" ಅನ್ನುವವರು. ಅಂಗಳದಲ್ಲಿ ಐದೇ ಜನ. ಒಂದು ಪಂದ್ಯಕ್ಕೆ 48 ನಿಮಿಷ, ಐದು ಜನಕ್ಕೆ ಸೇರಿ 240 ನಿಮಿಷ. ತಂಡದ ಪಟ್ಟಿಯಲ್ಲಿ ಪೂರ್ತಿ ಕಾಂಟ್ರಾಕ್ಟ್ ಇರುವ ಜಾಗ 15. ಬ್ರೂಕ್ಲಿನ್ 2025ರಲ್ಲಿ ಫಸ್ಟ್ ರೌಂಡ್‌ನಲ್ಲೇ ಐದು ಹುಡುಗರನ್ನು ಆರಿಸಿತು: 8, 19, 22, 26, 27. ಐವರಿಗೂ ಆಡಲು ನಿಮಿಷ ಬೇಕು, ಕಲಿಸೋಕೆ ಕೋಚ್ ಬೇಕು. ಆ 240 ನಿಮಿಷವನ್ನು ಇಡೀ ತಂಡಕ್ಕೆ ಹಂಚುವಾಗ ಒಬ್ಬ ಅಸಾಮಾನ್ಯ ಆಟಗಾರ ನುಂಗುವ 36 ನಿಮಿಷಕ್ಕೆ ಬೇರೆ ಸಾಟಿಯಿಲ್ಲ. ಮೂರು ಜನ ಸಾಧಾರಣದವರನ್ನು ಒಂದೇ ಜಾಗದಲ್ಲಿ ನಿಲ್ಲಿಸೋಕೆ ಆಗಲ್ಲವಲ್ಲ.

2019ರಲ್ಲಿ ಪಾಲ್ ಜಾರ್ಜ್‌ಗಾಗಿ ಕ್ಲಿಪ್ಪರ್ಸ್ ಓಕ್ಲಹೋಮಾಗೆ ಐದು ಫಸ್ಟ್ ರೌಂಡ್ ಪಿಕ್, ಎರಡು ಸ್ವಾಪ್ ಕೊಟ್ಟಾಗ ಹೆಚ್ಚಿನ ಮಾತೆಲ್ಲ ಪಿಕ್‌ಗಳ ಮೇಲೇ ಇತ್ತು. ಜೊತೆಗೆ ಹೋದ ಒಬ್ಬ ಹುಡುಗ ಆಗಷ್ಟೇ ತನ್ನ ಮೊದಲ ಸೀಸನ್ ಮುಗಿಸಿದ್ದ. ಶೇ ಗಿಲ್ಜಿಯಸ್ ಅಲೆಕ್ಸಾಂಡರ್. 2025ರಲ್ಲಿ ಎಂವಿಪಿಯೂ (ಲೀಗಿನ ಶ್ರೇಷ್ಠ ಆಟಗಾರ) ಅವನೇ, ಚಾಂಪಿಯನ್ ತಂಡವೂ ಅವನದೇ. ಪಿಕ್‌ಗಳಲ್ಲಿ 2022ರದ್ದು 12ನೇ ಜಾಗಕ್ಕೆ ಬಂತು, ಜೇಲನ್ ವಿಲಿಯಮ್ಸ್ ಸಿಕ್ಕ. ಅದು 12 ಆಗೋಕೆ ಒಂದು ದೊಡ್ಡ ಕಾರಣ ಆ ಸೀಸನ್ ಪೂರ್ತಿ ಕ್ಲಿಪ್ಪರ್ಸ್ ತಾರೆ ಕವಾಯ್ ಲೆನರ್ಡ್ ಮೊಣಕಾಲಿನ ಗಾಯದಿಂದ ಹೊರಗಿದ್ದದ್ದು. 2019ರಲ್ಲಿ ಆ ಮೊಣಕಾಲನ್ನು ಯಾರು ಲೆಕ್ಕಕ್ಕೆ ಹಾಕಿಕೊಳ್ಳೋಕಾಗುತ್ತಿತ್ತು? ನನ್ನ ಮಾಡೆಲ್ ಅಂತೂ ಹಾಕಿಕೊಳ್ಳಲ್ಲ. ಅದಕ್ಕೇ ನಾನು ಯಾವ ಪಿಕ್‌ಗೂ ಒಂದೇ ಬೆಲೆ ಹೇಳುವುದಿಲ್ಲ. ಇಷ್ಟರಿಂದ ಇಷ್ಟು ಅಂತ ಹೇಳುತ್ತೇನೆ, ದೂರದ ವರ್ಷ ಆದಷ್ಟೂ ಆ ಅಂತರ ದೊಡ್ಡದು.

ಮೊನ್ನೆ ಒಬ್ಬ ಕ್ಲೈಂಟ್ ನಿಕ್ಸ್‌ನ 2031ರ ಪಿಕ್‌ಗೆ ಒಂದೇ ಒಂದು ನಂಬರ್ ಕೊಡಿ ಅಂತ ಪಟ್ಟು ಹಿಡಿದ. ಆ ಡ್ರಾಫ್ಟ್ ಹೊತ್ತಿಗೆ ನಿಕ್ಸ್ ಆಟಗಾರರಾದ ಬ್ರನ್ಸನ್‌ಗೂ ಬ್ರಿಜಸ್‌ಗೂ 34, ಟೌನ್ಸ್‌ಗೆ 35. ಅವರು ಅಲ್ಲಿರುತ್ತಾರೋ ಇಲ್ಲವೋ, ಮಾಲೀಕ, ಕೋಚ್ ಯಾರೋ. ನಾನು ಅಗಲವಾದ ಒಂದು ವ್ಯಾಪ್ತಿ ಕಳಿಸಿದೆ. "ಹಾಗಲ್ಲ, ಸುಮ್ನೆ ಸರಾಸರಿ ಹೇಳಿ" ಅಂದ. ಸರಾಸರಿ ಕಳಿಸಿದೆ, ಅದರ ಕೆಳಗೆ 'ಈ ಅಂಕಿಯನ್ನು ಒಂಟಿಯಾಗಿ ಬಳಸಬೇಡಿ' ಅಂತ ದಪ್ಪಕ್ಷರದಲ್ಲಿ ಬರೆದೆ. ಮಾರನೇ ದಿನ ಅವನ ಸ್ಲೈಡಿನಲ್ಲಿ ಅಂಕಿ ಇತ್ತು, ಕೆಳಗಿನ ಸಾಲು ಇರಲಿಲ್ಲ.