ಬಿಸಿಲಿಗೆ ಹೋದರೆ ಸೈನಸ್ ಏಳುತ್ತದೆಯೇ?

ಪ್ರಶ್ನೆ: ನನಗೆ ಬಹಳ ವರ್ಷದಿಂದ ಸೈನಸ್ ಇದೆ. ಬಿಸಿಲಲ್ಲಿ ಸ್ವಲ್ಪ ಅಡ್ಡಾಡಿದರೆ ಸಾಕು, ಹಣೆ ಮತ್ತು ಕಣ್ಣಿನ ಸುತ್ತ ಹಿಡಿದುಕೊಳ್ಳುತ್ತದೆ. ಮಾತ್ರೆ ತಿಂದೆ, ಆವಿ ತೆಗೆದುಕೊಂಡೆ. ಆಪರೇಷನ್ ಮಾಡಿಸಿದರೆ ಪೂರ್ತಿ ಹೋಗುತ್ತಾ?
– ಓದುಗರೊಬ್ಬರು, ಜೇವರ್ಗಿ

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಬರಲೇಬೇಕು. ಒಮ್ಮೆ ಆಳಂದದಿಂದ, ಒಮ್ಮೆ ಸೇಡಂನಿಂದ. ಉತ್ತರ ಮಾತ್ರ ಬದಲಾಗಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಸೈನಸ್ ಅಲ್ಲ, ಬಹುತೇಕ ಮೈಗ್ರೇನ್. ಅದಕ್ಕೆ ಮೂಗಿನ ಆಪರೇಷನ್ ಮಾಡಿಸಿ ಏನೂ ಉಪಯೋಗವಿಲ್ಲ.

"ಏನ್ರೀ ಡಾಕ್ಟ್ರೇ, ನೋವು ಹಣೆಮ್ಯಾಲೇ ಅದ, ಸೈನಸ್ ಅಲ್ಲ ಅಂತೀರಲ್ಲ" ಎಂದು ನನ್ನೆದುರು ಕುಳಿತವರೂ ಕೇಳುತ್ತಾರೆ. ಮೈಗ್ರೇನ್ ನೋವೂ ಅಲ್ಲೇ ಬರುತ್ತದೆ. ಹಣೆ, ಕಣ್ಣು, ಕೆನ್ನೆಗೆ ಹೋಗುವ ನರವೂ ಸೈನಸ್, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿ ಗೂಡುಗಳಿಗೆ ಹೋಗುವ ನರವೂ ಒಂದೇ. ಮೈಗ್ರೇನ್ ಬಂದಾಗ ಕೆಲವರಿಗೆ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅಷ್ಟಕ್ಕೇ ಸೈನಸ್ ಎಂದು ತೀರ್ಮಾನ ಆಗಿಬಿಡುತ್ತದೆ. ನಮ್ಮ 42 ಡಿಗ್ರಿ ಬಿಸಿಲು ಯಾರ ಸೈನಸ್‌ನಲ್ಲೂ ಕೀವು ತುಂಬುವುದಿಲ್ಲ. ಮೈಗ್ರೇನ್ ಎಬ್ಬಿಸುವುದರಲ್ಲಿ ಮಾತ್ರ ಅದು ಪಳಗಿದೆ. ಸೋಮವಾರದ ಉಪವಾಸ, ನಿದ್ದೆಗೆಟ್ಟ ಮದುವೆ ಮನೆ, ನೀರು ಕುಡಿಯದೆ ಕಳೆದ ಮಧ್ಯಾಹ್ನ ಸೇರಿದರೆ ಕೇಳುವುದೇ ಬೇಡ.

"ಸೈನಸ್ ಮಾತ್ರೆ ತಗೊಂಡ್ರ ಕಡಿಮಿ ಆಗ್ತದಲ್ರೀ?" ಆಗುತ್ತದೆ. ಆ ಮಾತ್ರೆಯ ಹಾಳೆ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿ ಬರೆದಿದ್ದನ್ನು ಓದಿ. ಸಾಮಾನ್ಯವಾಗಿ ಅದರಲ್ಲಿ ಬೇರೆ ಔಷಧಿಗಳ ಜೊತೆ ಪ್ಯಾರಾಸಿಟಮಾಲ್ ಇರುತ್ತದೆ. ಅದು ಯಾವ ತಲೆನೋವನ್ನಾದರೂ ಒಂದಿಷ್ಟು ಇಳಿಸುತ್ತದೆ. ಮೇಲಾಗಿ ಮೈಗ್ರೇನ್ 4 ಗಂಟೆಯಿಂದ 3 ದಿನದೊಳಗೆ ತಾನಾಗಿಯೇ ಬಿಡುತ್ತದೆ. ಹೆಸರು ಬರುವುದು ಆವಿಗೆ, ಮಾತ್ರೆಗೆ. ಇಂಥ ಬೆರಕೆ ಮಾತ್ರೆಯನ್ನು ತಿಂಗಳಿಗೆ 10 ದಿನಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ, ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು.

ಇನ್ನು ಎಕ್ಸ್‌ರೇ. "ಎಕ್ಸ್‌ರೇದಾಗ ಸೈನಸ್ ಬಂದದ" ಎಂದು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸುತ್ತಾರೆ. ಸಾದಾ ನೆಗಡಿಯಲ್ಲೂ ಸೈನಸ್ ಒಳಪದರ ಊದಿರುತ್ತದೆ, ಫಿಲ್ಮಿನಲ್ಲಿ ಮಬ್ಬಾಗಿ ಕಾಣುತ್ತದೆ. ತಲೆನೋವಿಗೆ ಅದೇ ಕಾರಣ ಎನ್ನಲು ಅಷ್ಟು ಸಾಲದು.

ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ನೋವಿನ ಜೊತೆ ವಾಕರಿಕೆ ಬರುತ್ತದಾ? ಬೆಳಕು ಕಂಡರೆ ಆಗುವುದಿಲ್ಲವಾ? ಕೆಲಸ ಬಿಟ್ಟು ಮಲಗಬೇಕಾಗುತ್ತದಾ? ಎರಡಕ್ಕೆ ಹೌದು ಎಂದಾದರೆ ಮೈಗ್ರೇನ್ ಇರುವ ಸಾಧ್ಯತೆ ಹೆಚ್ಚು. ಫಿಸಿಷಿಯನ್ ಅಥವಾ ನರರೋಗ ತಜ್ಞರನ್ನು ನೋಡಿ. ಪದೇ ಪದೇ ಬರುತ್ತಿದ್ದರೆ ಬಾರದಂತೆ ತಡೆಯುವ ಔಷಧಿಗಳೂ ಇವೆ.

ಹಾಗಾದರೆ ನಿಜವಾದ ಸೈನಸ್ ಸೋಂಕು ಹೇಗಿರುತ್ತದೆ? ಮೂಗು ಸುಮ್ನೆ ಕೂರುವುದಿಲ್ಲ. ಕಟ್ಟುತ್ತದೆ, ಗಟ್ಟಿ ಸಿಂಬಳ ಬರುತ್ತದೆ ಅಥವಾ ಗಂಟಲಿಗೆ ಇಳಿಯುತ್ತದೆ, ವಾಸನೆ ತಿಳಿಯುವುದಿಲ್ಲ. ಹೆಚ್ಚಿನವು ನೆಗಡಿಯ ಬೆನ್ನಿಗೇ ಬಂದು ತಾವಾಗಿ ವಾಸಿಯಾಗುತ್ತವೆ. 10 ದಿನ ಕಳೆದರೂ ಕಡಿಮೆಯಾಗದಿದ್ದರೆ, ಇಲ್ಲವೇ ಕಡಿಮೆಯಾದದ್ದು ಮತ್ತೆ ಜ್ವರದೊಂದಿಗೆ ತಿರುಗಿ ಬಂದರೆ ಆಂಟಿಬಯೋಟಿಕ್ ಮಾತು. ಸಿಂಬಳ ಹಳದಿ, ಹಸಿರು ಆಯಿತೆಂದ ಮಾತ್ರಕ್ಕೆ ಬೇಡ. ಕಣ್ಣು ಊದಿದರೆ, ಒಂದು ಎರಡಾಗಿ ಕಂಡರೆ, ಸಕ್ಕರೆ ಕಾಯಿಲೆಯವರಿಗೆ ಮುಖ ನೋವಿನ ಜೊತೆ ಮೂಗಿನಿಂದ ಕಪ್ಪಗೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂಗಿನ ಅಲರ್ಜಿಯೇ ಬೇರೆ, ಅದರ ಗುರುತು ತುರಿಕೆ. ತೊಗರಿ ರಾಶಿ ದಿನಗಳಲ್ಲಿ ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಜ್ವರ ಇಲ್ಲ. ಕಾಂಗ್ರೆಸ್ ಹುಲ್ಲು ಹೂ ಬಿಟ್ಟಾಗಲೂ ಇದೇ ಕಥೆ. ರಾಶಿ ಮಾಡುವಾಗ ಮಾಸ್ಕ್ ಕಟ್ಟಿಕೊಳ್ಳಿ. ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ದಿನಾ ಹಾಕಿ. ಎರಡು ದಿನ ಹಾಕಿ ಕೆಲಸ ಮಾಡಲಿಲ್ಲ ಎಂದು ಬಿಡಬೇಡಿ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿ ಕಡೆಗಿರಲಿ. ಅಂಗಡಿಯಲ್ಲಿ ಕೇಳಿ ತರುವ, ಮೂಗನ್ನು ತಕ್ಷಣ ಬಿಡಿಸುವ ಡ್ರಾಪ್ಸ್ ಬೇರೆ. ಅದನ್ನು 5 ದಿನಕ್ಕಿಂತ ಹೆಚ್ಚು ಹಾಕಿದರೆ, ಬಿಟ್ಟ ತಕ್ಷಣ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ.

ನೀವು ಕೇಳಲಿಲ್ಲ, ಆದರೂ ರಾಶಿ ಎಂದಾಗ ನೆನಪಾಯಿತು. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಸಿಂಬಳ ಬರುತ್ತಿದ್ದರೆ ಅದಕ್ಕೂ ಸೈನಸ್ ಎನ್ನಬೇಡಿ. ಒಳಗೆ ತೊಗರಿ ಕಾಳೋ ಹುಣಸೆ ಬೀಜವೋ ಮಣಿಯೋ ಕುಳಿತಿರುತ್ತದೆ. ಕಾಳಾದರೆ ಒಳಗೇ ನೆನೆದು ಊದುತ್ತದೆ. ಹೇರ್‌ಪಿನ್, ಚಿಮಟ ಹಾಕಿ ಕೀಳಲು ಹೋದರೆ ಇನ್ನೂ ಹಿಂದಕ್ಕೆ ಸರಿಯುತ್ತದೆ. ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಆಟಿಕೆಯ ಗುಂಡಿ ಬ್ಯಾಟರಿ ಹಾಕಿಕೊಂಡಿದೆ ಎಂಬ ಅನುಮಾನ ಬಂದರೆ ಬೆಳಗಿನವರೆಗೂ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಅದು ಮೂಗಿನ ಒಳಗೋಡೆಯನ್ನು ಸುಡುತ್ತದೆ.