ಸ್ವಾತಿ ಮಳೆಯ ದಿನಗಳಲ್ಲಿ ಸ್ವಾತಿ ನಕ್ಷತ್ರ ಎಲ್ಲಿರುತ್ತದೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಪಂಚಾಂಗದಲ್ಲಿ ಈಗ ಸ್ವಾತಿ ಮಳೆ ಎಂದಿದೆ. ಮಕ್ಕಳಿಗೆ ಆ ನಕ್ಷತ್ರ ತೋರಿಸೋಣವೆಂದು ಮಳೆ ಬಿಟ್ಟ ರಾತ್ರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಯಾವ ದಿಕ್ಕಿನಲ್ಲಿದೆ? ತುಲಾ ತಿಂಗಳಲ್ಲಿ (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ) ಬೇರೇನು ನೋಡಬಹುದು?

ಉತ್ತರ: ಸಿಗದಿರುವುದೇ ಸರಿ. ಸ್ವಾತಿ ಮಳೆ ಎಂದರೆ ಸೂರ್ಯ ಸ್ವಾತಿಯ ಪಾಲಿನ ಆಕಾಶದಲ್ಲಿ ಇರುವ ಅವಧಿ. ಅವನು 27 ನಕ್ಷತ್ರಗಳ ಸುತ್ತನ್ನು ಒಂದು ವರ್ಷದಲ್ಲಿ ಮುಗಿಸಬೇಕು, ಹಾಗಾಗಿ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ. ಅಕ್ಟೋಬರ್ 24ರ ಸುಮಾರಿಗೆ ಸ್ವಾತಿಗೆ ಬಂದವನು ನವೆಂಬರ್ 6ರ ಹೊತ್ತಿಗೆ ವಿಶಾಖೆಗೆ ದಾಟುತ್ತಾನೆ. ಮಳೆಗೆ ಯಾವ ನಕ್ಷತ್ರದ ಹೆಸರಿದೆಯೋ ಅದು ಸೂರ್ಯನ ಜತೆಯಲ್ಲೇ ಮೂಡಿ ಮುಳುಗುತ್ತದೆ ಎಂದಿಟ್ಟುಕೊಳ್ಳಿ. ಸ್ವಾತಿ ನಕ್ಷತ್ರ ಸೂರ್ಯನ ದಾರಿಯಿಂದ ಸಾಕಷ್ಟು ಬಡಗಿಗಿದೆ ನಿಜ, ಆದರೂ ಈ ದಿನಗಳಲ್ಲಿ ಸೂರ್ಯಾಸ್ತವಾಗಿ ಸುಮಾರು ಮುಕ್ಕಾಲು ಗಂಟೆಯೊಳಗೆ, ಕಡಲ ಮೇಲೆ ಇನ್ನೂ ಕೆಂಪು ಬೆಳಕಿರುವಾಗಲೇ ಅದೂ ಮುಳುಗಿರುತ್ತದೆ. ನವೆಂಬರ್ ಕೊನೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಮೂಡು ದಿಕ್ಕಿಗೆ ನೋಡಿ. ತುಸು ಕಿತ್ತಳೆ ಬಣ್ಣದ ಪ್ರಖರ ಚುಕ್ಕಿ ಅದೇ, ನಮ್ಮಿಂದ 37 ಬೆಳಕಿನ ವರ್ಷ ದೂರ.

ಹಾಗೆಂದು ಪಂಚಾಂಗದ ಮಳೆ ನಕ್ಷತ್ರ ಆಕಾಶ ನೋಡುವವರಿಗೆ ನಿರುಪಯೋಗಿಯಲ್ಲ. ಅದರಿಂದ ಹದಿಮೂರು ಹದಿನಾಲ್ಕು ನಕ್ಷತ್ರ ಮುಂದಕ್ಕೆ ಎಣಿಸಿದರೆ ಸಂಜೆ ಮೂಡುವ ನಕ್ಷತ್ರ ಸಿಗುತ್ತದೆ. ಸ್ವಾತಿಯಿಂದ ಎಣಿಸಿದರೆ ಅಶ್ವಿನಿ, ಭರಣಿ. ಎರಡೂ ಮಂಕು. ಅವುಗಳ ಬೆನ್ನಿಗೇ ಬರುವ ಕೃತ್ತಿಕೆಯನ್ನು ಮಾತ್ರ ಬಿಡಬಾರದು. ನವೆಂಬರ್ ಮೊದಲ ವಾರ ರಾತ್ರಿ ಒಂಬತ್ತಕ್ಕೆ ಅದು ಮೂಡಣದಲ್ಲಿ ಆಕಾಶದ ಮೂರನೇ ಒಂದು ಪಾಲು ಏರಿರುತ್ತದೆ. ಹೆಚ್ಚಿನವರ ಕಣ್ಣಿಗೆ ಆರು ಚುಕ್ಕಿ, ಕಣ್ಣು ಚೆನ್ನಾಗಿದ್ದರೆ ಏಳು. ಮಕ್ಕಳಿಂದಲೇ ಎಣಿಸಿ, ಕನ್ನಡಕದ ನಂಬರು ಹೆಚ್ಚಾಗಿದೆಯೋ ಎಂಬುದೂ ಅಲ್ಲೇ ತಿಳಿಯುತ್ತದೆ! ಅದರ ಕೆಳಗಿನ ಕೆಂಪು ಚುಕ್ಕಿ ರೋಹಿಣಿ. ಕಾರ್ತಿಕ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲೇ ಇರುವುದರಿಂದ ಆ ರಾತ್ರಿ ಮಾತ್ರ ಎಣಿಕೆ ಸಾಗದು.

ಅದೇ ಹೊತ್ತಿಗೆ ನೆತ್ತಿಯ ಮೇಲೆ, ಕೊಂಚ ಬಡಗಿಗೆ, ನಾಲ್ಕು ನಕ್ಷತ್ರಗಳ ದೊಡ್ಡ ಚೌಕವಿದೆ. ಅದರ ಪಡು ಬದಿಯ ಎರಡು ಪೂರ್ವಾಭಾದ್ರಾ, ಮೂಡು ಬದಿಯ ಎರಡು ಉತ್ತರಾಭಾದ್ರಾ. ಚೌಕದ ಒಳಗೆ ಹೆಚ್ಚುಕಡಿಮೆ ಖಾಲಿ, ಗುರುತಿಗೆ ಅದೇ ಅನುಕೂಲ. ಬಡಗು-ಮೂಡು ಮೂಲೆಯ ನಕ್ಷತ್ರದಿಂದ ಈಶಾನ್ಯಕ್ಕೆ ಎರಡು ನಕ್ಷತ್ರ ಸಾಗಿ, ಅಲ್ಲಿಂದ ಇಂಗ್ಲಿಷಿನ ‘ಎಂ’ ಅಕ್ಷರದಂತೆ ಕಾಣುವ ಕುಂತಿ (ಕ್ಯಾಸಿಯೋಪಿಯಾ) ನಕ್ಷತ್ರಪುಂಜದ ಕಡೆಗೆ ತಿರುಗಿ ಮತ್ತೆರಡು ಮಂಕು ನಕ್ಷತ್ರ ದಾಟಿ. ಎರಡನೆಯದರ ಪಕ್ಕದಲ್ಲಿ, ಕನ್ನಡಿಯ ಮೇಲೆ ಉಸಿರು ತಾಗಿದಷ್ಟು ಮಸುಕಾಗಿ ಕಾಣುವುದೇ ಆಂಡ್ರೊಮೆಡಾ ಗೆಲಾಕ್ಸಿ. ದೂರ ಸುಮಾರು 25 ಲಕ್ಷ ಬೆಳಕಿನ ವರ್ಷ. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಕಣ್ಣನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡಬೇಕು. ಬೈನಾಕ್ಯುಲರ್ ಇದ್ದರೆ ಕಷ್ಟವೇ ಇಲ್ಲ. ನನ್ನ ಕೇಳಿದರೆ ತುಲಾ ತಿಂಗಳ ಆಕಾಶದಲ್ಲಿ ಇದಕ್ಕಿಂತ ಮಿಗಿಲಾದದ್ದು ಇಲ್ಲ.

ಪಡುವಣದಲ್ಲಿ ಶ್ರವಣ, ವಾಯವ್ಯದಲ್ಲಿ ಅಭಿಜಿತ್ ಕಡಲಿನತ್ತ ಇಳಿಯುತ್ತಿರುತ್ತವೆ. ತೆಂಕು ದಿಕ್ಕಿನಲ್ಲಿ, ನೆತ್ತಿಗೂ ದಿಗಂತಕ್ಕೂ ನಡುವೆ ಒಂಟಿಯಾಗಿ ಹೊಳೆಯುವುದು ಫೋಮಲ್‌ಹಾಟ್. ಧ್ರುವ ನಕ್ಷತ್ರ ಕಾಸರಗೋಡಿನವರಿಗೆ ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮಾತ್ರ ಮೇಲಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗೆ ತುಸು ಹೆಚ್ಚು, ಅಷ್ಟೆ. ಬಡಗು ಬದಿಯಲ್ಲಿ ಗುಡ್ಡೆ ಇದ್ದರೆ ಅದರ ಆಸೆ ಬಿಡಿ.

ಕಂಗಿನ ತೋಟದ ನಡುವಿನ ಮನೆಯಂಗಳದಿಂದ ಇವೆಲ್ಲ ಕಾಣವು, ಸೋಗೆಗಳ ನಡುವೆ ಒಂದು ಪಟ್ಟಿ ಆಕಾಶ ಸಿಕ್ಕರೆ ಪುಣ್ಯ. ಹತ್ತಿರದ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಹತ್ತಿ. ಬೊಂತೆಲಿನ (ತುಳುವಿನಲ್ಲಿ ತುಲಾ ತಿಂಗಳ ಹೆಸರು) ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗಿ ಸುರಿದು ಹೋಗುತ್ತದೆ, ಅದು ತೊಳೆದಿಟ್ಟ ಆಕಾಶಕ್ಕೆ ಬೇಸಗೆಯ ಮಬ್ಬಿಲ್ಲ. ಮಿಂಚು ಇನ್ನೂ ಹೊಡೆಯುತ್ತಿದ್ದರೆ ಮಾತ್ರ ಬಯಲು ಪದವಿಗೆ ಕಾಲಿಡಬೇಡಿ. ದೀಪಾವಳಿಯ ಅಮಾವಾಸ್ಯೆ ಕತ್ತಲಿಗೆ ಒಳ್ಳೆಯದೇ, ಪಟಾಕಿಯ ಹೊಗೆ ಅದನ್ನು ಕೆಡಿಸುತ್ತದೆ. ಅದಕ್ಕಿಂತ ನಾಲ್ಕೈದು ದಿನ ಮೊದಲು ಹೋಗಿ.

ತುಲಾ ಹತ್ತರ ಪತ್ತಾಮುದಯದೊಂದಿಗೆ ದೈವಾರಾಧನೆಯ ಕುಣಿತವಾದ ತೆಯ್ಯಂಗಳ ಕಾಲವೂ ಆರಂಭವಾಗುತ್ತದೆ. ತೆಯ್ಯಂ ನೋಡಿ ರಾತ್ರಿ ಒಂದೂವರೆಗೆ ಮನೆಗೆ ಬರುವವರು ಆಗ್ನೇಯಕ್ಕೆ ಕಣ್ಣು ಹಾಯಿಸಲಿ. ಎತ್ತರದಲ್ಲಿ ಕಣ್ಣು ಕುಕ್ಕುವುದು ಲುಬ್ಧಕ. ಅದರಿಂದ ಬಲಕ್ಕೆ, ಬಹಳ ಕೆಳಗೆ ಇರುವುದು ಅಗಸ್ತ್ಯ. ರಾತ್ರಿ ಆಕಾಶದ ಅತಿ ಪ್ರಖರ ನಕ್ಷತ್ರಗಳಲ್ಲಿ ಒಂದನೆಯದು ಮತ್ತು ಎರಡನೆಯದು ಇವೇ.