ಸೋಡಿಯಂ ಒಳಬರುವ ಬಾಗಿಲು

ಮಳೆಗಾಲದ ಗದ್ದೆಯಲ್ಲಿ ಕತ್ತಿನವರೆಗೆ ಮುಳುಗಿ ಕೂತ ಕಪ್ಪೆಯ ಸುತ್ತ ಇರುವುದು ಉಪ್ಪೇ ಇಲ್ಲವೆನ್ನಬಹುದಾದಷ್ಟು ಸಪ್ಪೆ ನೀರು. ಅದರ ರಕ್ತದಲ್ಲಾದರೋ ಸೋಡಿಯಂ ಧಾರಾಳವಾಗಿದೆ. ತೆಳುವಾದ, ಸದಾ ಒದ್ದೆಯಾಗಿರುವ ಚರ್ಮದ ಮೂಲಕ ಆ ಉಪ್ಪು ದಿನವಿಡೀ ಹೊರಗೆ ಸೋರುತ್ತಿರುತ್ತದೆ. ಆದರೂ ಕಪ್ಪೆ ಸೊರಗುವುದಿಲ್ಲ, ಏಕೆಂದರೆ ನೀರಿನಲ್ಲಿರುವ ಅತ್ಯಲ್ಪ ಸೋಡಿಯಂ ಅನ್ನು ಅದೇ ಚರ್ಮ ಹೆಕ್ಕಿ ಒಳಗೆಳೆದುಕೊಳ್ಳುತ್ತದೆ. ಇದನ್ನು 1930ರ ದಶಕದಲ್ಲಿ ಕೋಪನ್‌ಹೇಗನ್‌ನ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ ತೋರಿಸಿಕೊಟ್ಟರು. ಅದು ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದವರು ಅವರ ಜೊತೆ ಕೆಲಸ ಮಾಡುತ್ತಿದ್ದ ಹಾನ್ಸ್ ಉಸ್ಸಿಂಗ್.

ಉಸ್ಸಿಂಗ್ ಮತ್ತು ಅವರ ಸಹೋದ್ಯೋಗಿ ಜೆರಾನ್ 1951ರಲ್ಲಿ ಪ್ರಕಟಿಸಿದ ಪ್ರಯೋಗದ ಸರಳತೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಕಪ್ಪೆಯ ಹೊಟ್ಟೆಯ ಭಾಗದ ಚರ್ಮದ ತುಂಡೊಂದನ್ನು ಎರಡು ಪುಟ್ಟ ಕೋಣೆಗಳ ನಡುವೆ ಪರದೆಯಂತೆ ಬಿಗಿದು, ಎರಡೂ ಕಡೆ ಒಂದೇ ಬಗೆಯ ಉಪ್ಪುನೀರನ್ನು ತುಂಬಲಾಯಿತು. ಚರ್ಮದ ಎರಡು ಬದಿಗಳ ನಡುವೆ ತಾನಾಗಿ ಮೂಡುವ ವಿದ್ಯುತ್ ವಿಭವಾಂತರವನ್ನು ಹೊರಗಿನಿಂದ ವಿದ್ಯುತ್ ಹರಿಸಿ ಸೊನ್ನೆಗೆ ಇಳಿಸಲಾಯಿತು. ಈಗ ಎರಡು ಕಡೆಗೂ ಸಾಂದ್ರತೆಯಲ್ಲಿ ವ್ಯತ್ಯಾಸವಿಲ್ಲ, ವಿದ್ಯುತ್ತಿನ ಸೆಳೆತವೂ ಇಲ್ಲ. ಸೋಡಿಯಂ ಒಂದೇ ದಿಕ್ಕಿಗೆ ಹರಿಯಲು ಹೊರಗಿನ ಕಾರಣವೇ ಉಳಿದಿಲ್ಲ. ಆದರೂ ಅದು ಹೊರಬದಿಯಿಂದ ಒಳಬದಿಗೆ ಹರಿಯುತ್ತಲೇ ಇತ್ತು. ವಿಕಿರಣಶೀಲ ಸೋಡಿಯಂ ಬಳಸಿ ಅಳೆದಾಗ, ವಿಭವಾಂತರವನ್ನು ಸೊನ್ನೆಯಲ್ಲಿಡಲು ಬೇಕಾದ ವಿದ್ಯುತ್ ಪ್ರವಾಹಕ್ಕೂ ಒಳಬದಿಗೆ ದಾಟಿದ ನಿವ್ವಳ ಸೋಡಿಯಂಗೂ ಲೆಕ್ಕ ಸರಿಹೊಂದಿತು. ಕೆಲಸ ಮಾಡುತ್ತಿದ್ದದ್ದು ಜೀವಂತ ಚರ್ಮವೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಗುಟ್ಟು ಇರುವುದು ಜೀವಕೋಶದ ಎರಡು ಮುಖಗಳ ವ್ಯತ್ಯಾಸದಲ್ಲಿ ಎಂದು 1958ರಲ್ಲಿ ಉಸ್ಸಿಂಗ್ ಮತ್ತು ಕೂಫುಡ್-ಯೋನ್ಸನ್ ಸೂಚಿಸಿದರು. ಚರ್ಮ, ಕರುಳು, ಮೂತ್ರನಾಳಿಕೆ, ಶ್ವಾಸಕೋಶ ಮುಂತಾದವುಗಳ ಮೇಲ್ಮೈಯನ್ನು ಹೊದ್ದಿರುವ ಅನುಲೇಪಕ ಅಂಗಾಂಶದ ಕೋಶಗಳು ಇಟ್ಟಿಗೆ ಗೋಡೆಯಂತೆ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ರಕ್ತದ ಕಡೆಗಿರುವ ಮುಖದಲ್ಲಿ ಒಂದು ಪಂಪು ಇದೆ. ಡೆನ್ಮಾರ್ಕಿನವರೇ ಆದ ಯೆನ್ಸ್ ಸ್ಕೋ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು, 1997ರಲ್ಲಿ ಅದಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದರು. ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ವ್ಯಯಿಸಿ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ, ಎರಡು ಪೊಟ್ಯಾಶಿಯಂ ಅಯಾನುಗಳನ್ನು ಒಳತರುವ ಈ ಪಂಪಿನ ದೆಸೆಯಿಂದ ಕೋಶದೊಳಗೆ ಸೋಡಿಯಂ ಸದಾ ವಿರಳವಾಗಿರುತ್ತದೆ, ಒಳಭಾಗ ಋಣ ವಿದ್ಯುದಂಶ ಪಡೆದಿರುತ್ತದೆ. ಎದುರು ಮುಖದಲ್ಲಿ ಪಂಪಿಲ್ಲ, ಬರೀ ಬಾಗಿಲಿದೆ: ಸೋಡಿಯಂ ಅಯಾನುಗಳಿಗೆ ದಾರಿ ಬಿಟ್ಟು ಪೊಟ್ಯಾಶಿಯಂ ಅನ್ನು ತಡೆಯುವ ಒಂದು ಪ್ರೋಟೀನು. ಬಾಗಿಲು ತೆರೆದರೆ ಸೋಡಿಯಂ ತಾನಾಗಿ ನುಗ್ಗುತ್ತದೆ, ಪಂಪು ಅದನ್ನು ಆಚೆ ಬದಿಗೆ ದಾಟಿಸುತ್ತದೆ. ಶಕ್ತಿ ಖರ್ಚಾಗುವುದು ಪಂಪಿನಲ್ಲಿ; ಆದರೆ ಎಷ್ಟು ದಾಟಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಾಗಿಲು.

ಈ ಬಾಗಿಲಿಗೆ ಈಗ ಈನ್ಯಾಕ್ (ENaC, ಅಂದರೆ ಅನುಲೇಪಕ ಅಂಗಾಂಶದ ಸೋಡಿಯಂ ನಾಲೆ) ಎಂಬ ಹೆಸರಿದೆ. ಅಮಿಲೊರೈಡ್ ಎಂಬ ಔಷಧ ಅದರ ಬಾಯಿಗೆ ಅಡ್ಡ ಕೂತು ಹರಿವನ್ನು ನಿಲ್ಲಿಸುತ್ತದೆ. ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಭಾಗಗಳು ಸೇರಿ ಅದು ರೂಪುಗೊಳ್ಳುತ್ತದೆ ಎಂಬುದು 1994ರಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಇಲಿಯ ದೊಡ್ಡಕರುಳಿನ ಜೀನುಗಳನ್ನು ಹುಡುಕಿದಾಗ ಖಚಿತವಾಯಿತು.

ಕಿಡ್ನಿಯಲ್ಲಿ ಈ ಬಾಗಿಲಿನ ತೂಕ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಸಾಕು. ನಮ್ಮ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ; ಅದರಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳಿದರೆ ಒಂದೂವರೆ ಕಿಲೋದಷ್ಟಾಗುತ್ತದೆ. ಬಹುಪಾಲನ್ನು ನಾಳಿಕೆಗಳ ಮೊದಲ ಭಾಗಗಳು ಬೇರೆ ವಿಧಾನಗಳಿಂದ ಹಿಂಪಡೆಯುತ್ತವೆ. ಈನ್ಯಾಕ್ ಇರುವ ಕೊನೆಯ ಭಾಗದ ಪಾಲಿಗೆ ಬರುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಆದರೆ ಆ ಎರಡು ಮೂರು ಪಾಲೆಂದರೆ 30ರಿಂದ 45 ಗ್ರಾಂ ಉಪ್ಪು; ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣದ ಹಲವು ಪಟ್ಟು. ದೇಹದಲ್ಲಿ ಉಪ್ಪು ಕಡಿಮೆಯಾದಾಗ ಅಡ್ರಿನಲ್ ಗ್ರಂಥಿಯಿಂದ ಬರುವ ಆಲ್ಡೊಸ್ಟೆರೋನ್ ಹಾರ್ಮೋನು ಕೋಶಪೊರೆಯಲ್ಲಿ ಇಂಥ ಬಾಗಿಲುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ: ಉಳಿದ ಸೋಡಿಯಂ ನೀರನ್ನೂ ಉಳಿಸಿಕೊಳ್ಳುತ್ತದೆ, ಅದರೊಂದಿಗೆ ರಕ್ತದೊತ್ತಡವೂ ಏರುತ್ತದೆ.

ಬಾಗಿಲು ಮುಚ್ಚದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೈದ್ಯ ಗ್ರ್ಯಾಂಟ್ ಲಿಡ್ಲ್ 1963ರಲ್ಲಿ ವರ್ಣಿಸಿದ ಕುಟುಂಬವೊಂದು ಸಾಕ್ಷಿ. ಆ ಮನೆಯವರಲ್ಲಿ ಎಳವೆಯಲ್ಲಿಯೇ ಬಿಪಿ ಏರುತ್ತಿತ್ತು, ರಕ್ತದಲ್ಲಿ ಪೊಟ್ಯಾಶಿಯಂ ಕುಸಿಯುತ್ತಿತ್ತು. ಆಲ್ಡೊಸ್ಟೆರೋನ್ ಹೆಚ್ಚಿರಬೇಕೆಂದು ನೋಡಿದರೆ ಅದು ತೀರಾ ಕಡಿಮೆಯಿತ್ತು. ಮೂರು ದಶಕಗಳ ಬಳಿಕ ಕಾರಣ ಸಿಕ್ಕಿತು. ಹಳೆಯ ಈನ್ಯಾಕ್‌ಗಳ ಬಾಲವನ್ನು ಹಿಡಿದು, ಅವಕ್ಕೆ ಗುರುತು ಅಂಟಿಸಿ ಪೊರೆಯಿಂದ ತೆಗೆಸುವ ಪ್ರೋಟೀನೊಂದು ಕೋಶದೊಳಗಿದೆ. ಇವರಲ್ಲಿ ಜೀನಿನ ದೋಷದಿಂದ ಆ ಬಾಲದ ತುದಿಯೇ ಇರಲಿಲ್ಲ, ಆದ್ದರಿಂದ ಬಾಗಿಲುಗಳು ಪೊರೆಯಲ್ಲೇ ಉಳಿದು ಸೋಡಿಯಂ ಅನ್ನು ಎಡೆಬಿಡದೆ ಒಳಬಿಡುತ್ತಿದ್ದವು. ಇಂಥ ರೋಗಿಗಳಿಗೆ ಆಲ್ಡೊಸ್ಟೆರೋನನ್ನು ತಡೆಯುವ ಮಾತ್ರೆ ಫಲಿಸದು. ಬಾಗಿಲನ್ನೇ ಮುಚ್ಚುವ ಅಮಿಲೊರೈಡ್ ಫಲಿಸುತ್ತದೆ.

ಇದೇ ಬಾಗಿಲು ನಮ್ಮೆಲ್ಲರ ಮೊದಲ ಉಸಿರಿಗೂ ಬೇಕಾಗಿತ್ತು. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದ ತುಂಬ ಗಾಳಿಯಲ್ಲ, ದ್ರವವಿರುತ್ತದೆ. ಹೆರಿಗೆ ನೋವಿನ ಸಮಯದಲ್ಲಿ ಮಗುವಿನ ರಕ್ತದಲ್ಲಿ ಉಕ್ಕುವ ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಗಾಳಿಚೀಲಗಳ ಈನ್ಯಾಕ್‌ಗಳನ್ನು ಚುರುಕುಗೊಳಿಸುತ್ತವೆ. ಸೋಡಿಯಂ ಒಳಗೆ ಹೀರಲ್ಪಡುತ್ತದೆ, ಅದರ ಬೆನ್ನಿಗೆ ನೀರೂ ಹೋಗಿ ಗಾಳಿಗೆ ಜಾಗವಾಗುತ್ತದೆ. ಆಲ್ಫಾ ಭಾಗವಿಲ್ಲದೆ ಹುಟ್ಟಿದ ಇಲಿಮರಿಗಳು ಈ ದ್ರವವನ್ನು ಹೊರಹಾಕಲಾರದೆ 40 ಗಂಟೆಗಳೊಳಗೆ ಸತ್ತದ್ದನ್ನು 1996ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನೋವು ಶುರುವಾಗುವ ಮುನ್ನವೇ ಸಿಸೇರಿಯನ್ ಆದಾಗ ಕೆಲವು ಮಕ್ಕಳು ಮೊದಲ ಗಂಟೆಗಳಲ್ಲಿ ಏದುಸಿರು ಬಿಡುವುದಕ್ಕೆ ಒಂದು ಕಾರಣ, ಆ ಬಾಗಿಲುಗಳು ಇನ್ನೂ ಪೂರ್ತಿ ತೆರೆದಿಲ್ಲದಿರುವುದು. ಹೆಚ್ಚಿನ ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲಿ ದ್ರವ ಹೀರಿಹೋಗಿ ಉಸಿರು ನಿಧಾನಕ್ಕೆ ಹದಕ್ಕೆ ಬರುತ್ತದೆ.